ಯಾರೂ ಫೇಲಾಗದ ಚಾರ್ಟು

ಅವನಿಗೆ ಗ್ಯಾಪಣ್ಣ ಅಂತ ಹೆಸರಿಟ್ಟವರು ಕಾಲೇಜಿನ ಹುಡುಗರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಈ ಹೆಸರು ಎಷ್ಟು ಸರಿಯಾಗಿ ಕೂತುಬಿಟ್ಟಿತೆಂದರೆ, ಸಿಟ್ಟು ಬಂದಾಗ ಅಮ್ಮನೂ ಹಾಗೇ ಕರೆಯತೊಡಗಿದಳು. ಡಿಸೈನ್ ಓದುವ ಹುಡುಗ. ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದೇ ಅವನ ಜೀವನದ ಪ್ರಶ್ನೆ. ಬಿಸ್ಕತ್ತಿನ ಪೊಟ್ಟಣ ಕೈಗೆ ಬಂದರೆ ಬಿಚ್ಚುವ ಮೊದಲು ತಿರುಗಿಸಿ ಮುರುಗಿಸಿ ನೋಡಿ, "ಛೆ, ಗ್ಯಾಪ್ ನೋಡು ಗ್ಯಾಪ್" ಅಂತ ಹಣೆ ಚಚ್ಚಿಕೊಳ್ಳುವನು. ಅಷ್ಟರಲ್ಲಿ ಪಕ್ಕದಲ್ಲಿದ್ದವರು ಇನ್ನೊಂದು ಪೊಟ್ಟಣ ಖಾಲಿ ಮಾಡಿರುತ್ತಿದ್ದರು.

ಅಜ್ಜ ತೀರಿಹೋದ ವಾರ, ನೆಂಟರಿಷ್ಟರಿಗೆ ತಿಳಿಸುವ ಕಾರ್ಡು ಮಾಡಿಸಿಕೊಂಡು ಬಾ ಅಂತ ಇವನನ್ನು ಪ್ರೆಸ್ಸಿಗೆ ಕಳಿಸಿದರು. ಬೆಳಿಗ್ಗೆ ಹೋದವನು ಮಧ್ಯಾಹ್ನ ಬರಿಗೈಯಲ್ಲಿ ಬಂದ. ಪ್ರೆಸ್ಸಿನವನು ಅಜ್ಜನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದನಂತೆ. ದುಃಖ ಯಾವಾಗಲೂ ತೆಳ್ಳಗಿರಬೇಕು ಅಂತ ಇವನ ವಾದ.

"ಅಜ್ಜ ಏನು ತೆಳ್ಳಗಿದ್ರಾ?" ಅಂತ ಅಮ್ಮ ಕೇಳಿದಳು.

ಕೊನೆಗೆ ಅಪ್ಪನೇ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮೂ ಬಿಚ್ಚದೆ ಪ್ರೆಸ್ಸಿಗೆ ಹೋಗಿ ದಪ್ಪಕ್ಷರದ್ದೇ ಕಾರ್ಡು ತಂದರು. ಅಜ್ಜನ ವಾರಿಗೆಯವರೆಲ್ಲ ಕನ್ನಡಕ ಹುಡುಕದೆ ಓದಿಕೊಂಡರು.

ಮನೆಯಲ್ಲಿ ಹುಚ್ಚು ಅನ್ನಿಸಿಕೊಂಡದ್ದು ಕಾಲೇಜಿನಲ್ಲಿ ಪ್ರತಿಭೆ ಅನ್ನಿಸಿಕೊಳ್ಳುತ್ತಿತ್ತು. ಅಲ್ಲಿಯ ಪದ್ಧತಿಯೇ ಬೇರೆ ಸ್ವಾಮಿ. ಚಿತ್ರ ಬರೆದರೆ ಸಾಲದು, ಅಕ್ಷರ ಕೂರಿಸಿದರೆ ಸಾಲದು. ಬರೆಯುವಾಗ, ಕೂರಿಸುವಾಗ ಒಳಗೊಳಗೆ ಏನೇನು ಅನಿಸಿತು ಅಂತ ಪುಟಗಟ್ಟಲೆ ಬರೆದುಕೊಡಬೇಕು. ಅದಕ್ಕೆ ರಿಫ್ಲೆಕ್ಷನ್ ಅಂತಾರೆ. ಕೆಲಸಕ್ಕಿಂತ ಅದಕ್ಕೇ ಮಾರ್ಕು ಜಾಸ್ತಿ. ಹುಡುಗರೇನು ದಡ್ಡರೇ? ಮೊದಲು ಕೆಲಸ ಹೇಗೋ ಮುಗಿಸಿ, ಆಮೇಲೆ ಕ್ಯಾಂಟೀನಿನಲ್ಲಿ ಕೂತು, ಏನು ಅನಿಸಿರಬಹುದಿತ್ತು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಬರೆಯುತ್ತಿದ್ದರು. ಗ್ಯಾಪಣ್ಣ ಇದರಲ್ಲಿ ಎತ್ತಿದ ಕೈ. ಒಂದು ಸಲ ಹಾಳೆಯ ಮೇಲೆ ಚಹಾ ಚೆಲ್ಲಿಕೊಂಡು, ಆಕಸ್ಮಿಕವೂ ಒಂದು ತಂತ್ರವೇ ಅಂತ ಜಡಿದು ಕ್ಲಾಸಿಗೇ ಮೊದಲು ಬಂದ. ಮುಂದಿನ ಸಲ ಬೇಕಂತಲೇ ಚೆಲ್ಲಿದ. ಆಗ ಬರಲಿಲ್ಲ.

ಹೋದ ವರ್ಷ ಕೊನೆಯ ಪ್ರಾಜೆಕ್ಟಿನಲ್ಲಿ ಮುಗ್ಗರಿಸಿದ್ದ. ಇಡೀ ಪುಸ್ತಕ ಬಿಳಿ ಹಾಳೆ, ಪುಟಕ್ಕೊಂದು ಅಕ್ಷರ ಮೂಲೆಯಲ್ಲಿ ಮುದುರಿಕೊಂಡು ಕೂತಿತ್ತು. "ಖಾಲಿ ಜಾಗವೇ ಮಾತಾಡುತ್ತೆ" ಅಂದ. ಪರೀಕ್ಷಕರು ಕಾದರು, ಅದು ಮಾತಾಡಲಿಲ್ಲ, ಫೇಲ್ ಮಾಡಿ ಎದ್ದುಹೋದರು. ಹಾಗಾಗಿ ಅದೇ ವರ್ಷ ಎರಡನೇ ಸಲ ಓದುತ್ತಿದ್ದ. ಈ ಸಲ ಗೈಡ್ ಮೇಡಂ ಮುಲಾಜಿಲ್ಲದೆ ಹೇಳಿದ್ದರು: "ನಿಜವಾದ ಜನ ದಿನಾ ಬಳಸೋ ವಸ್ತು ಏನಾದ್ರೂ ಮಾಡು. ಬಳಸಿದವರನ್ನೇ ಜ್ಯೂರಿಗೆ ಕರ್ಕೊಂಡು ಬಾ. ಅವರೇ ಹೇಳಲಿ." ಕೊನೆಯ ದಿನ ಪರೀಕ್ಷಕರೆದುರು ಕೆಲಸ ನೇತುಹಾಕಿ ಸಮರ್ಥಿಸಿಕೊಳ್ಳುವುದಕ್ಕೆ ಅಲ್ಲಿ ಜ್ಯೂರಿ ಎನ್ನುತ್ತಾರೆ.

ನಿಜವಾದ ಜನ ಎಲ್ಲಿ ಸಿಗುತ್ತಾರೆ ಅಂತ ಗ್ಯಾಪಣ್ಣ ತಲೆ ಕೆಡಿಸಿಕೊಂಡ. ಮನೆಯಲ್ಲೇ ಇಬ್ಬರಿದ್ದಾರೆ ಅಂತ ಅವನಿಗೆ ಹೊಳೆಯಲಿಲ್ಲ.

ಅವನ ಅಪ್ಪ ಬಸ್ ಡ್ರೈವರ್. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅದೇ ರೂಟು, ಅದೇ ಬಸ್ಸು, ಬೆಳಗಾದರೆ ಶಾಲೆ ಮಕ್ಕಳು, ಸಂಜೆಯಾದರೆ ಆಫೀಸಿನವರು. ಮಾತು ಕಡಿಮೆ. ವರ್ಷಕ್ಕೊಂದು ಸಲ ಡ್ರೈವರುಗಳು ಕಣ್ಣು ತೋರಿಸಿ ಡಿಪೋಗೆ ಸರ್ಟಿಫಿಕೇಟು ಕೊಡಬೇಕಿತ್ತು. ಫೇಲಾದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಸ್ಟೇರಿಂಗಿನಿಂದ ಇಳಿಸಿ ಡಿಪೋದ ಸ್ಟೋರಿನಲ್ಲಿ ಟೈರುಗಳ ಮಧ್ಯೆ ಕೂರಿಸುತ್ತಿದ್ದರು. ಅಲ್ಲಿ ಕೂತವರ ಮುಖ ಅಪ್ಪ ದಿನಾ ನೋಡುತ್ತಿದ್ದರು. ಈ ವರ್ಷದ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಅವರ ಊಟ ಕಡಿಮೆಯಾಗಿದ್ದನ್ನು ಅಮ್ಮ ಕಂಡಿದ್ದಳು. ಹಿಂದಿನ ವಾರ ಬಸ್ಸಿನ ಕನ್ನಡಿ ನಿಂತ ಲಾರಿಗೆ ತಾಗಿ ಪುಡಿಯಾಗಿತ್ತು. ಲಾರಿಯವನು ಅಡ್ಡಾದಿಡ್ಡಿ ನಿಲ್ಲಿಸಿದ್ದ ಅಂತ ಅಪ್ಪ ಹೇಳಿದರು. ಅಮ್ಮ ಅವರ ಮುಖ ನೋಡಿ ಇನ್ನೊಂದು ಸೌಟು ಅನ್ನ ಬಡಿಸಿದಳು. ಗ್ಯಾಪಣ್ಣ ಆಗ ಉಪ್ಪಿನ ಪ್ಯಾಕೆಟ್ಟಿನ ಅಕ್ಷರ ನೋಡುತ್ತಿದ್ದ.

ಅಮ್ಮನ ತಮ್ಮ ಕನ್ನಡಕದ ಅಂಗಡಿ ಇಟ್ಟಿದ್ದ. ಕಣ್ಣು ಪರೀಕ್ಷೆಯ ಕೋರ್ಸು ಮಾಡಿದವನು, ಡ್ರೈವರುಗಳ ಸರ್ಟಿಫಿಕೇಟಿಗೂ ಅವನದೇ ಸಹಿ ನಡೆಯುತ್ತಿತ್ತು. ಒಂದು ದಿನ ಗ್ಯಾಪಣ್ಣ ಅಲ್ಲಿಗೆ ಹೋಗಿ ಒಳಕೋಣೆಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಗೋಡೆಯ ಮೇಲೆ ಹಳದಿಗಟ್ಟಿದ ಚಾರ್ಟು. ಮೇಲೆ ದೊಡ್ಡದಾಗಿ ಒಂದು ಟ, ಕೆಳಗೆ ಮ, ಗ, ಅದರ ಕೆಳಗೆ ರ, ಪ, ಷ, ಹೀಗೆ ತಲೆಬುಡವಿಲ್ಲದ ಅಕ್ಷರಗಳು ಸಣ್ಣದಾಗುತ್ತಾ ಇಳಿದಿದ್ದವು.

"ಮಾವ, ಇದನ್ನ ಯಾರು ಮಾಡಿದ್ದು?"

"ಯಾರೋ ಮಾಡಿದ್ದು ಕಣೋ. ಕಂಪನಿಯವರು ಕೊಟ್ಟಿದ್ದು."

"ಇದಕ್ಕೆ ಅರ್ಥ ಏನು?"

"ಅರ್ಥ ಯಾಕೆ ಬೇಕು? ಕಾಣುತ್ತಾ ಇಲ್ವಾ ಅಂತ ನೋಡೋಕೆ ಇರೋದು."

ಗ್ಯಾಪಣ್ಣನಿಗೆ ಕರುಳು ಹಿಂಡಿದಂತಾಯಿತು. ಜನ ನೋವು ಹೊತ್ತು ಬಂದು ಕತ್ತಲ ಕೋಣೆಯಲ್ಲಿ ಕೂತು ಅರ್ಥವಿಲ್ಲದ ಅಕ್ಷರಗಳನ್ನು ನೋಡುವುದೇ? ಎಂಥ ಅಮಾನವೀಯತೆ. ರಿಫ್ಲೆಕ್ಷನ್ನಿನ ಮೊದಲ ವಾಕ್ಯ ಅವನಿಗೆ ಅಲ್ಲೇ ಹೊಳೆಯಿತು, ಅಂದಮೇಲೆ ಪ್ರಾಜೆಕ್ಟು ಅರ್ಧ ಮುಗಿದ ಹಾಗೇ. "ಹೊಸದು ಮಾಡ್ಕೊಡ್ತೀನಿ" ಅಂದ. ಬಿಟ್ಟಿ ಬರುವುದನ್ನು ಬೇಡ ಅನ್ನುವುದು ಮಾವನ ಜಾಯಮಾನವಲ್ಲ. "ಮಾಡ್ಕೊಡು, ಗೋಡೆ ಚೆನ್ನಾಗಿ ಕಾಣುತ್ತೆ" ಅಂದ.

ಮಾಡಿದ, ಮಾಡಿದ, ಮನೆಯವರ ಪ್ರಾಣ ಹಿಂಡಿ ಮಾಡಿದ. ಊಟದ ಮೇಜಿನ ಮೇಲೆ ಹಾಳೆ, ಬ್ರಶ್ಶು, ಮಸಿ. ಮನೆಯವರ ಊಟ ಮಡಿಲಲ್ಲಿ. ಅರ್ಥವಿಲ್ಲದ ಅಕ್ಷರಗಳ ಬದಲು ಅವನೇ ಕವಿತೆಯಂಥದ್ದೊಂದು ಹೊಸೆದ. ಮೇಲೆ ದೊಡ್ಡದಾಗಿ "ಬಾ". ಅದರ ಕೆಳಗೆ "ಬೆಳಕೇ". ಅದರ ಕೆಳಗೆ "ಬಾಗಿಲು ತೆರೆದಿದೆ". ಆಮೇಲೆ ಇನ್ನೂ ಸಣ್ಣಕ್ಕೆ "ಮೆಲ್ಲಗೆ ಒಳಗೆ ಬಾ". ಕೊಟ್ಟಕೊನೆಗೆ ಇರುವೆಯಷ್ಟು ಅಕ್ಷರದಲ್ಲಿ "ಮನೆಯ ಮೂಲೆಮೂಲೆಗೂ ಬಾ". ಓದು ಬಾರದವರಿಗೆ ಅಂತ ಪಕ್ಕದಲ್ಲಿ ಚಿತ್ರಗಳ ಸಾಲು: ಮರ, ಅದರ ಕೆಳಗೆ ಗೂಡು, ಅದರ ಕೆಳಗೆ ಮೊಟ್ಟೆ, ಕೊನೆಗೆ ಮರಿ. ಗೀರು ಎಳೆದು ನೆರಳು ತುಂಬಿದರೆ ಬೇಗ ಆಗುತ್ತಿತ್ತು. ಗೀರಿಗಿಂತ ಚುಕ್ಕೆ ಪ್ರಾಮಾಣಿಕ ಅಂತ ಮೊಟ್ಟೆಯೊಂದಕ್ಕೇ ವಾರಗಟ್ಟಲೆ ಚುಕ್ಕೆ ಇಟ್ಟ. ಕೋಳಿಯೇ ಇದಕ್ಕಿಂತ ಬೇಗ ಕೊಡುತ್ತೆ ಅಂತ ಅಮ್ಮ ಅಂದಳು.

ದಿನಾ ಸಂಜೆ ಹೊಸ ಪ್ರತಿಯನ್ನು ಗೋಡೆಗೆ ಅಂಟಿಸಿ, ಅಪ್ಪನನ್ನು ಬಾಗಿಲ ಹತ್ತಿರ ನಿಲ್ಲಿಸಿ ಓದಿಸುವನು. ಅಮ್ಮ ಒಂದೆರಡು ದಿನ ಓದಿ, "ನನ್ನ ಸಾರು ಉಕ್ಕುತ್ತೆ" ಅಂತ ಕೈ ಎತ್ತಿದಳು. ಅಪ್ಪ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಎಂದೂ ಮಗನ ಕೆಲಸದ ಕಡೆ ತಲೆ ಹಾಕದವರು, ಈಗ ತಾವಾಗಿಯೇ ಬಂದು ನಿಂತು, "ಇವತ್ತಿಂದು ಹಾಕಪ್ಪ" ಅನ್ನುತ್ತಿದ್ದರು. ಓದಿ ಮುಗಿಸಿದ ಮೇಲೆ, "ಅಂಗಡೀಲಿ ಯಾವಾಗ ಹಾಕ್ತೀಯ? ನನ್ನ ಪರೀಕ್ಷೆ ಮುಂಚೇನೋ ಆಮೇಲೋ?" ಅಂತ ಕೇಳುವರು. ಮಗನ ಎದೆ ಉಬ್ಬಿತು. ಕೊನೆಗೂ ಅಪ್ಪನಿಗೆ ಟೈಪಾಗ್ರಫಿಯ ರುಚಿ ಹತ್ತಿತು ಅಂದುಕೊಂಡ.

ಒಂದು ದಿನ "ಮೆಲ್ಲಗೆ" ಅನ್ನುವುದರ ಲ್ಲ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತಿದೆ ಅಂತ, ಆ ಪದ ಕಿತ್ತು "ಹಗುರಾಗಿ" ಅಂತ ಹಾಕಿದ. ಆ ಸಂಜೆ ಅಪ್ಪ ನಿಂತು, ಎಂದಿನಂತೆ ಗಂಟಲು ಸರಿಮಾಡಿಕೊಂಡು ಓದಿದರು: "ಬಾ. ಬೆಳಕೇ. ಬಾಗಿಲು ತೆರೆದಿದೆ. ಮೆಲ್ಲಗೆ ಒಳಗೆ ಬಾ."

"ಅಪ್ಪ, ಗಮನ ಕೊಟ್ಟು ಓದಿ. ಅಲ್ಲಿ ಹಗುರಾಗಿ ಅಂತಿದೆ."

ಅಪ್ಪ ಕಣ್ಣುಜ್ಜಿಕೊಂಡರು. "ಹೌದಲ್ವಾ. ಹಗುರಾಗಿ" ಅಂದರು. ಆ ಮೇಲೆ ಒಮ್ಮೆಯೂ ತಪ್ಪಲಿಲ್ಲ. ಬಳಕೆದಾರರು ಹಳೆಯ ಅಭ್ಯಾಸದ ಗುಲಾಮರು ಅಂತ ಗ್ಯಾಪಣ್ಣ ರಿಫ್ಲೆಕ್ಷನ್ನಿನಲ್ಲಿ ಬರೆದ. ಮೂಗಿನ ಕೆಳಗೇ ಇದ್ದದ್ದು ಕಾಣದೆ ಹೋದ ಮಹಾನುಭಾವ, ಬರೆಯುವುದನ್ನೇನೋ ಚೆನ್ನಾಗಿ ಬರೆದ.

ಹಳೆಯ ಚಾರ್ಟು ಬೀರುವಿನ ಹಿಂದೆ ಹೋಯಿತು, ಹೊಸದು ಗೋಡೆಗೇರಿತು. ಅದಾದ ಮೇಲೆ ಮಾವನ ಅಂಗಡಿಯಲ್ಲಿ ಶುರುವಾಯಿತು ಪವಾಡ. ಬಂದವರೆಲ್ಲ ಪಾಸು. ಮೇಲಿನ ಮೂರು ಸಾಲು ಕಂಡರೆ ಸಾಕು, ಬೆಳಕಿಗೆ ಬಾಗಿಲು ತೆರೆದ ಮೇಲೆ ಅದು ಒಳಗೆ ಬರದೆ ಇನ್ನೆಲ್ಲಿಗೆ ಹೋಗುತ್ತೆ? ಜನ ಸರಾಗ ಹೇಳಿಬಿಡುತ್ತಿದ್ದರು. ಹೊರಗೆ ಬೆಂಚಿನಲ್ಲಿ ಕಾದು ಕೂತವರಿಗೂ ಒಳಗಿನವರು ಓದುವುದು ಕೇಳಿ ಬಾಯಿಪಾಠ. ಹಾಲಿನಂಗಡಿಯ ಅಜ್ಜಿಗೆ ಓದು ಬಾರದು, ಚಿತ್ರ ತೋರಿಸಿದರು. "ಮರ. ಗೂಡು. ಆಮೇಲೆ ಮೊಟ್ಟೆ, ಆಮೇಲೆ ಮರಿ. ಇನ್ನೇನಿರುತ್ತೆ?" ಅಂದಳು. ಕನ್ನಡಕ ಬೇಡ ಅನ್ನಿಸಿಕೊಂಡು, ಖುಷಿಯಿಂದ ಎದ್ದು, ಅಂಗಡಿಯ ಗಾಜಿನ ಬಾಗಿಲಿಗೆ ಹಣೆ ಕೊಟ್ಟಳು.

ಮಾವ ಮನೆಗೆ ಬಂದು ಅಕ್ಕನ ಮುಂದೆ ಗೋಳು ತೋಡಿಕೊಂಡ. "ಏನು ಮಾಯವೋ ಏನೋ ಅಕ್ಕ. ಇವನ ಚಾರ್ಟು ಹಾಕಿದ ಮೇಲೆ ಊರವರ ಕಣ್ಣೆಲ್ಲ ನೆಟ್ಟಗಾಗಿಬಿಟ್ಟಿವೆ. ಗಾಜು ಮಾರೋದು ನಿಂತೇಹೋಯ್ತು. ಭಾವ ಅಂತೂ ಉಸಿರು ಬಿಡದೆ ಕೊನೆ ಸಾಲಿನ ತನಕ ಓದಿದ್ರು. ಈ ವಯಸ್ಸಿಗೆ ಇಂಥ ಕಣ್ಣು ನಾನು ನೋಡೇ ಇಲ್ಲ, ಅವತ್ತೇ ಸಹಿ ಹಾಕಿಕೊಟ್ಟೆ."

ಅಮ್ಮ ಸೌಟು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. ಅಪ್ಪ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದರು.

ಇಷ್ಟಾದರೂ ನಮ್ಮ ಹುಡುಗನಿಗೆ ಅನುಮಾನ ಬಂತೇ? ಬರಲಿಲ್ಲ. ಹೊಗಳಿಕೆ ಅಂತಲೇ ತಿಳಿದ. ಒಳ್ಳೆಯ ವಿನ್ಯಾಸ ನೋಡುವ ಕಣ್ಣನ್ನೇ ಸರಿಮಾಡುತ್ತದೆ ಅಂತ ಬರೆದು, ಅಡಿಗೆರೆ ಬೇರೆ ಎಳೆದ.

ಜ್ಯೂರಿಯ ದಿನ ಬಂತು. ಉದ್ದನೆಯ ಹಾಲ್, ಬಿಳಿ ಗೋಡೆ, ಎಲ್ಲರ ಕೆಲಸ ಸಾಲಾಗಿ ತೂಗುತ್ತಿತ್ತು. ಗ್ಯಾಪಣ್ಣನ ಹೊಸ ಚಾರ್ಟಿನ ಪಕ್ಕದಲ್ಲೇ ಮಾವನ ಹಳೆಯ ಚಾರ್ಟು. ಮೊದಲು ಹೇಗಿತ್ತು, ನಾನು ಕೈ ಇಟ್ಟ ಮೇಲೆ ಹೇಗಾಯಿತು ಅಂತ ಅಕ್ಕಪಕ್ಕ ಇಟ್ಟು ತೋರಿಸುವುದು ಆ ಕಾಲೇಜಿನ ಪದ್ಧತಿ. ಮೊದಲಿನದು ಎಷ್ಟು ಕೆಟ್ಟದಾಗಿದ್ದರೆ ಅಷ್ಟು ಒಳ್ಳೆಯದು. ಅಪ್ಪ ರಜೆ ಹಾಕಲಿಲ್ಲ, ಸಂಜೆಯ ಟ್ರಿಪ್ಪಿಗೆ ಹೋಗಬೇಕು ಅಂತ ಯೂನಿಫಾರ್ಮಿನಲ್ಲೇ ಬಂದಿದ್ದರು. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ.

ಗೈಡ್ ಮೇಡಂ ಜೊತೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರಿದ್ದರು, ಸೀಸೆಯ ತಳದಂಥ ದಪ್ಪ ಕನ್ನಡಕದವರು. ಗ್ಯಾಪಣ್ಣ ಮಾತು ಶುರು ಮಾಡಿದ. ಒತ್ತಕ್ಷರ ಹೇಗೆ ಕೆಳಗಿನ ಸಾಲಿಗೆ ಗೌರವ ಕೊಡಬೇಕು, ಬ್ರಶ್ಶಿನ ಅಂಚು ಅಕ್ಷರದ ಹೊಟ್ಟೆಯಲ್ಲಿ ಹೇಗೆ ಉಸಿರಾಡಬೇಕು, ಚುಕ್ಕೆ ಹೇಗೆ ಪ್ರಾಮಾಣಿಕ, ಎಲ್ಲ ಕೊರೆದ. ಪರೀಕ್ಷಕರು ಕನ್ನಡಕ ತೆಗೆದು ಜೇಬಿಗೆ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ, ಬರಿಗಣ್ಣಲ್ಲಿ ಚಾರ್ಟನ್ನು ಕೊನೆಯವರೆಗೆ ಓದಿದರು. "ಅದ್ಭುತ. ನನಗೂ ಕಾಣುತ್ತೆ" ಅಂದರು. ಮೇಜಿನ ಮೇಲಿನ ನೀರಿನ ಲೋಟ ಕೈ ತಾಗಿ ಉರುಳಿತು. ಅದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮೇಡಂ ಅಪ್ಪನ ಕಡೆ ತಿರುಗಿದರು. "ನೀವು ಬಳಸಿದವರಲ್ವಾ? ಒಂದು ಸಲ ಓದಿ ತೋರಿಸಿ."

ಅಪ್ಪ ನೆಟ್ಟಗೆ ನಿಂತು ಓದಿದರು. ಸ್ವರ ಸ್ವಲ್ಪವೂ ತಡವರಿಸಲಿಲ್ಲ. ಕೊನೆಯ ಇರುವೆ ಸಾಲು ಕೂಡ ನೀರು ಹರಿದಂತೆ ಬಂತು. ಹಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು, ಅಪ್ಪ ನಾಚಿಕೊಂಡು ಹಿಂದೆ ಸರಿದರು. ಅಲ್ಲಿಗೆ ಮುಗಿಯಬೇಕಿತ್ತು.

"ಈಗ ಹಳೇದನ್ನೂ ಒಂದು ಸಲ ಓದಿಬಿಡಿ" ಅಂದರು ಪರೀಕ್ಷಕರು. "ವ್ಯತ್ಯಾಸ ಎದ್ದು ಕಾಣಲಿ."

ಅಪ್ಪ ಹಳೆಯ ಚಾರ್ಟಿನ ಕಡೆ ನೋಡಿದರು. "ಟ" ಅಂದರು. ಕುತ್ತಿಗೆ ಮುಂದೆ ಚಾಚಿದರು, ಒಂದು ಕಣ್ಣು ಮುಚ್ಚಿದರು, ತೆರೆದರು. "ಮ... ಆಮೇಲೆ ಪ ಇರಬೇಕು." ಅಲ್ಲಿ ಗ ಇತ್ತು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವರ ಕೈ ಯೂನಿಫಾರ್ಮಿನ ಗುಂಡಿ ತಿರುವುತ್ತಿತ್ತು. "ಅಲ್ಲಿ ಇನ್ನೂ ಇದೆಯಾ?" ಅಂತ ಕೇಳಿದರು. ಇನ್ನೂ ಐದು ಸಾಲು ಇತ್ತು.

ಪರೀಕ್ಷಕರು ಮೇಜು ಕುಟ್ಟಿದರು. "ನೋಡಿ, ನೋಡಿ. ಅದೇ ಮನುಷ್ಯ, ಅದೇ ಕಣ್ಣು. ಹಳೇದರಲ್ಲಿ ಎರಡು ಸಾಲು ಓದೋಕಾಗಲ್ಲ, ಇವನದನ್ನ ಪೂರ್ತಿ ಓದ್ತಾರೆ. ಇದಕ್ಕಿಂತ ಸಾಕ್ಷಿ ಬೇಕಾ? ಡಿಸೈನ್ ಅಂದ್ರೆ ಇದು." ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರಾಗಿ. ಮೇಡಂ ಕಣ್ಣು ಒರೆಸಿಕೊಂಡರು.

ಚಪ್ಪಾಳೆ ತಟ್ಟದವರು ಆ ಹಾಲಿನಲ್ಲಿ ಮೂವರೇ. ಮಾವನ ಮುಖ ಸುಣ್ಣದ ಗೋಡೆಯಾಗಿತ್ತು. ತಾನು ಎಂಥ ಸರ್ಟಿಫಿಕೇಟಿಗೆ ಸಹಿ ಹಾಕಿದೆ ಅನ್ನುವುದು ಅವನಿಗೆ ಆ ಕ್ಷಣ ತಿಳಿದಿತ್ತು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು, ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ. ಮೂರನೆಯವನು ಗ್ಯಾಪಣ್ಣ. ಬಾಗಿಲ ಬಳಿ ದಿನಾ ನಿಂತು ಓದಿದ ಅಪ್ಪ, ಪದ ಬದಲಾದರೂ ಹಳೆಯದನ್ನೇ ಹೇಳಿದ ಅಪ್ಪ, ಅಂಗಡಿಯಲ್ಲಿ ಯಾವಾಗ ಹಾಕುತ್ತೀಯ ಅಂತ ಕೇಳಿದ ಅಪ್ಪ, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತರು. ಆ ಕಣ್ಣಿಟ್ಟುಕೊಂಡು ಅವರು ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದರು. ಇವನು ಮೊಟ್ಟೆಗೆ ಚುಕ್ಕೆ ಇಡುತ್ತಿದ್ದ. ಅವನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೊನೇದಾಗಿ ನಿನ್ನ ರಿಫ್ಲೆಕ್ಷನ್ ಹೇಳಪ್ಪ" ಅಂದರು ಮೇಡಂ.

ಕೈಯಲ್ಲಿ ಹಾಳೆ ಇತ್ತು, ಅಡಿಗೆರೆ ಎಳೆದ ವಾಕ್ಯ ಮೇಲೆಯೇ ಇತ್ತು. ಈಗ ಓದಿದರೆ ಪಾಸು, ಓದದಿದ್ದರೆ ಮತ್ತೊಂದು ವರ್ಷ. ಅದು ಅವನಿಗೆ ಗೊತ್ತಿತ್ತು. ಹಾಳೆ ಮಡಿಚಿದ.

"ಈ ಚಾರ್ಟು ಕೆಲಸ ಮಾಡಲ್ಲ ಮೇಡಂ. ಇದರಲ್ಲಿ ಕಣ್ಣು ಕಾಣದವರೂ ಪಾಸಾಗ್ತಾರೆ. ನಮ್ಮಪ್ಪಂಗೆ ಕಣ್ಣು ಕಾಣಲ್ಲ. ಬಸ್ ಓಡಿಸ್ತಾರೆ. ಇದನ್ನ ಬಾಯಿಪಾಠ ಮಾಡ್ಕೊಂಡಿದ್ರು. ನಾನೇ ಮಾಡಿಸಿದೆ." ಹಾಳೆಯನ್ನು ಮೇಜಿನ ಮೇಲಿಟ್ಟು, "ನನ್ನನ್ನ ಫೇಲ್ ಮಾಡಿ" ಅಂದ.

ಪರೀಕ್ಷಕರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೇಡಂ ಕಡೆ ಬಾಗಿ, ಎಲ್ಲರಿಗೂ ಕೇಳುವಷ್ಟು ಪಿಸುಮಾತಿನಲ್ಲಿ ಹೇಳಿದರು: "ಎಂಥ ಮುಕ್ತಾಯ ಕೊಟ್ಟ ನೋಡಿ. ತನ್ನ ಕೆಲಸವನ್ನೇ ಪ್ರಶ್ನಿಸಿಕೊಳ್ಳೋ ಎದೆಗಾರಿಕೆ. ಇಂಥ ರಿಫ್ಲೆಕ್ಷನ್ ನಾನು ಕೇಳೇ ಇಲ್ಲ." ಪೆನ್ನು ತೆಗೆದು ಪೂರ್ತಿ ಮಾರ್ಕು ಹಾಕಿದರು. ಗ್ಯಾಪಣ್ಣ ಮತ್ತೊಮ್ಮೆ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವರು ಪಕ್ಕದವಳ ಪೋಸ್ಟರಿನ ಕಡೆ ಹೋಗಿದ್ದರು. ನಿಜವನ್ನು ನಿಜ ಅಂತ ಹೇಳಿದರೂ ಅದಕ್ಕೆ ಮಾರ್ಕು ಹಾಕಿ ಮುಂದೆ ಹೋಗುವ ಜನರ ಎದುರು ಇನ್ನೇನು ಮಾಡುತ್ತಾನೆ?

ಮೂವರೂ ಹೊರಗೆ ಬಂದರು. ಕಾಲೇಜಿನ ಗೇಟಿನ ಹತ್ತಿರ ಮಾವ ನಿಂತ. "ಭಾವ" ಅಂದು ಅವರ ತೋಳು ಹಿಡಿದ. ಅಪ್ಪ ಶರ್ಟಿನ ಜೇಬಿಗೆ ಕೈ ಹಾಕಿ ಫೋನು ತೆಗೆದು ಮಗನ ಕೈಗೆ ಕೊಟ್ಟರು. "ಡಿಪೋಗೆ ಹಚ್ಚಿಕೊಡಪ್ಪ. ಅಕ್ಷರ ಸಣ್ಣಕ್ಕಿದೆ." ಮಗ ಹಚ್ಚಿಕೊಟ್ಟ. ಸಂಜೆಯ ಟ್ರಿಪ್ಪಿಗೆ ಬೇರೆಯವರನ್ನು ಕಳಿಸಿ, ನಾಳೆಗೂ ಬೇರೆಯವರನ್ನು ನೋಡಿಕೊಳ್ಳಿ, ನಾನು ಬಂದು ಹೇಳುತ್ತೇನೆ ಅಂತ ಅಪ್ಪ ಹೇಳಿದರು. ಅತ್ತಲಿಂದ ಏನೋ ಕೇಳಿದರು. "ಜ್ವರ ಅಲ್ಲ, ಕಣ್ಣು" ಅಂದರು ಅಪ್ಪ.

ಮಾವ ಅಂಗಡಿಯ ಕಡೆ ಹೋದ. ಅಪ್ಪ ಮಗ ಬಸ್ ಸ್ಟಾಪಿನಲ್ಲಿ ನಿಂತರು. ಮಗನಿಗೆ ಕ್ಷಮೆ ಕೇಳಬೇಕು ಅನ್ನಿಸಿತು, ಬಯ್ಯಬೇಕು ಅನ್ನಿಸಿತು, ಅಳಬೇಕು ಅಂತಲೂ ಅನ್ನಿಸಿತು, ಯಾವುದನ್ನೂ ಮಾಡಲಿಲ್ಲ. ಅಪ್ಪನೇ ಮಾತು ತೆಗೆದರು.

"ಸ್ಟೋರಲ್ಲಿ ಕೂರೋದು ಅಂದ್ರೆ ಭಯ ಆಗ್ತಿತ್ತು ಕಣೋ."

"ನಂಗೆ ಹೇಳ್ಬಹುದಿತ್ತಲ್ಲಪ್ಪ."

"ನೀನು ಬ್ಯುಸಿ ಇದ್ದೆ."

ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ನಾಟಿತು. ರಸ್ತೆಯ ತಿರುವಿನಲ್ಲಿ ಬಸ್ಸೊಂದು ಕಾಣಿಸಿಕೊಂಡು ನಿಧಾನವಾಗಿ ಹತ್ತಿರ ಬಂತು. ಹಣೆಯ ಮೇಲೆ ನಂಬರು ಮನೆಯಷ್ಟು ದೊಡ್ಡದಾಗಿತ್ತು. ಅದೇ ರೂಟು, ಅದೇ ಬಸ್ಸು. ಅದರ ಸೀಟಿನಲ್ಲಿ ಅಪ್ಪನ ತಲೆಗೂದಲು ಹಣ್ಣಾಗಿತ್ತು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು, ನೋಡಿ ಸಾಕಾಗಿ ಬಿಟ್ಟರು.

"ನಮ್ಮದಾ ಅದು, ನೋಡೋ" ಅಂದರು.

"ಹೌದಪ್ಪ, ನಮ್ಮದೇ" ಅಂದ ಮಗ, ಮೊಣಕೈ ಹಿಡಿದುಕೊಂಡು. "ಮೆಟ್ಟಿಲು ಎತ್ತರ ಇದೆ, ನೋಡ್ಕೊಂಡು ಹತ್ತಿ."